ಹೋದ ಬುಧವಾರದ ಪೇಪರ್ ಕೇಳುವವರು

ವಾಚನಾಲಯದಲ್ಲಿ ಕೂತವನಿಗೆ ಓದುಗರ ಗುಣ ಬೇಗ ತಿಳಿಯುತ್ತದೆ. ವಿಜಯಪುರದಲ್ಲಿ ನಾನು ನೋಡಿಕೊಳ್ಳುವ ವಿಭಾಗಕ್ಕೆ ಬೆಳಿಗ್ಗೆ ಬರುವವರಲ್ಲಿ ಹೆಚ್ಚಿನವರು ಮುಖಪುಟ, ಜಿಲ್ಲಾ ಪುಟ, ಕ್ರೀಡಾಪುಟ ತಿರುವಿಹಾಕಿ ಎದ್ದು ಹೋಗುತ್ತಾರೆ. ಇನ್ನು ಕೆಲವರು ಒಳಗೆ ಬಂದವರೇ, ‘ಸರ್, ಹ್ವಾದ ಬುಧವಾರದ ಪೇಪರ್ ಐತೇನ್ರಿ?’ ಎಂದು ಕೇಳುತ್ತಾರೆ. ವಾರ ಕಳೆದ ಸುದ್ದಿ ಯಾರಿಗೂ ಬೇಡ. ಇವರು ಹುಡುಕಿಕೊಂಡು ಬಂದದ್ದು ಒಬ್ಬ ಅಂಕಣಕಾರರನ್ನು.

ಅಂಕಣಗಳಿಂದ ಏನಾಗುತ್ತದೆ, ಅವನ್ನು ಓದಿ ಯಾರು ಬದಲಾಗುತ್ತಾರೆ ಎಂದು ಕೇಳುವವರಿದ್ದಾರೆ. ಓದುಗ ಅಂಕಣಕಾರರ ಮಾತು ಒಪ್ಪಿಕೊಂಡನೇ ಇಲ್ಲವೇ ಎಂಬುದೊಂದರಿಂದಲೇ ಪ್ರಭಾವವನ್ನು ಅಳೆಯಲು ಹೊರಟರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿಗೆ ಬರುವ ಒಬ್ಬ ನಿವೃತ್ತ ಶಾಲಾ ಮಾಸ್ತರರು ನೀರಾವರಿ ಬಗ್ಗೆ ಬರೆಯುವ ಅಂಕಣಕಾರರೊಬ್ಬರನ್ನು ವಾರ ತಪ್ಪದೆ ಓದುತ್ತಾರೆ. ಅವರ ನೋಟ್‌ಬುಕ್ಕಿನ ನಡುವೆ ಉದ್ದಕ್ಕೆ ಒಂದು ಗೆರೆ. ಎಡಕ್ಕೆ ಅಂಕಣದ ಮಾತು, ಬಲಕ್ಕೆ ತಮ್ಮ ಉತ್ತರ. ಬಲಗಡೆಯ ಬರಹವೇ ಯಾವಾಗಲೂ ಉದ್ದ. ‘ಇವರ ಮಾತು ನನಗ ಒಪ್ಪಿಗಿ ಇಲ್ರಿ. ಆದ್ರ ಇವರು ಲೆಕ್ಕ ಇಟ್ಟು ಮಾತಾಡ್ತಾರ, ನಾನೂ ಲೆಕ್ಕ ಇಟ್ಟs ಉತ್ತರ ಕೊಡಬೇಕಲ್ಲ’ ಎನ್ನುತ್ತಾರೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಎತ್ತರದ ಬಗ್ಗೆ ಚಹಾದಂಗಡಿಯಲ್ಲಿ ದನಿ ಏರಿಸಿ ವಾದಿಸುವವರು ಬೇಕಾದಷ್ಟಿದ್ದಾರೆ. 519.60 ಮೀಟರಿನಿಂದ 524.256 ಮೀಟರಿಗೆ ಹೋದರೆ ಎಷ್ಟು ಊರು ಮುಳುಗುತ್ತವೆ, ಎಷ್ಟು ಹೊಲಕ್ಕೆ ನೀರು ಸಿಗುತ್ತದೆ ಎಂದು ಹಾಳೆಯ ಮೇಲೆ ಕೂಡಿಸಿ ಕಳೆಯುವುದನ್ನು ಈ ಮಾಸ್ತರರಿಗೆ ಹಚ್ಚಿಕೊಟ್ಟದ್ದು ಆ ಅಂಕಣ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಭಾವ ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೂ ಬರುತ್ತಾರೆ. ಮೊದಮೊದಲು ಅವರಿಗೆ ಬೇಕಾಗುವುದು ಪ್ರಬಂಧಕ್ಕೆ ನಾಲ್ಕು ಒಳ್ಳೆಯ ಸಾಲು. ಕೆಲವು ತಿಂಗಳು ಕಳೆಯಲಿ, ಅವರಲ್ಲೇ ಕೆಲವರು ಅಂಕಣಕಾರರ ಹೆಸರು ಹೇಳಿಯೇ ಪುಟ ಕೇಳತೊಡಗುತ್ತಾರೆ. ಇದಕ್ಕೆ ಕಾರಣ ಅಂಕಣದ ಕಟ್ಟಿನಲ್ಲೇ ಇದೆ. ಅದೇ ದಿನ, ಅದೇ ಜಾಗ, ಅಷ್ಟೇ ಅಳತೆ, ಅದೇ ಮನುಷ್ಯ. ಸುದ್ದಿ ಬರೆದವರು ಯಾರೆಂದು ಓದುಗ ನೋಡುವುದು ಅಪರೂಪ. ಅಂಕಣಕಾರರ ಹಟ, ಪ್ರೀತಿ, ಸಿಟ್ಟು, ಮತ್ತೆ ಮತ್ತೆ ಎತ್ತುವ ಮಾತು ಎಲ್ಲವೂ ವರ್ಷಗಟ್ಟಲೆ ಓದಿದವನಿಗೆ ಗೊತ್ತಿರುತ್ತದೆ. ಹೀಗೆ ಪರಿಚಯವಾದವರ ಜೊತೆ ಜಗಳವಾಡುವುದೂ ಸಲೀಸು.

ನಮ್ಮ ಭಾಗಕ್ಕೆ ಈ ರೂಢಿ ಹೊಸದೇನಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ ಇಲ್ಲಿ ಮರಾಠಿ ಪತ್ರಿಕೆಗಳ ಓದು ಜೋರಾಗಿತ್ತು. ಪುಣೆಯಿಂದ ಬರುತ್ತಿದ್ದ ತಿಲಕರ ‘ಕೇಸರಿ’ಯ ಅಗ್ರಲೇಖನಗಳನ್ನು ಒಬ್ಬರು ಓದಿದರೆ ಹತ್ತು ಜನ ಕೇಳುತ್ತಿದ್ದರು. ಅದರ ಎದುರಿಗೆ ಕನ್ನಡದ ಓದುಗರನ್ನು ಕಟ್ಟಿದವರನ್ನು ನೆನೆಯದೆ ನನ್ನ ಕೆಲಸದ ಬಗ್ಗೆ ಮಾತಾಡಲಾರೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’, ಮರುವರ್ಷ ‘ನವಕರ್ನಾಟಕ’ ಪತ್ರಿಕೆ ಶುರು ಮಾಡಿದರು. ಇದೇ ಊರಿನಲ್ಲಿ ‘ಕರ್ನಾಟಕ ವೈಭವ’ ನಡೆಸಿದ ಮೊಹರೆ ಹಣಮಂತರಾಯರು ಮುಂದೆ ‘ಸಂಯುಕ್ತ ಕರ್ನಾಟಕ’ದ ಸಂಪಾದಕರಾದರು. ಆ ಪತ್ರಿಕೆ ಹುಟ್ಟಿದ್ದು ಬೆಳಗಾವಿಯಲ್ಲಿ, ಹುಬ್ಬಳ್ಳಿಗೆ ಹೋದದ್ದು ಆಮೇಲೆ. 1956ಕ್ಕೆ ಬಹಳ ಮೊದಲೇ ಏಕೀಕರಣದ ಮಾತನ್ನು ಓಣಿ ಓಣಿಗೆ ಮುಟ್ಟಿಸಿದ್ದು ಇಂಥ ಬರಹ. 1954ರಲ್ಲಿ ಹುಬ್ಬಳ್ಳಿಯಿಂದ ‘ಪ್ರಪಂಚ’ ವಾರಪತ್ರಿಕೆ ತಂದ ಪಾಟೀಲ ಪುಟ್ಟಪ್ಪನವರದು ಅದರ ಮುಂದಿನ ಅಧ್ಯಾಯ.

ದಕ್ಷಿಣದ ಪತ್ರಿಕೆಗಳಲ್ಲಿ ಬೇರೆ ಬೇರೆ ದಾರಿಗಳು ತೆರೆದವು. ‘ಪ್ರಜಾವಾಣಿ’ಯಲ್ಲಿ ಟಿ.ಎಸ್. ರಾಮಚಂದ್ರರಾಯರ ‘ಛೂ ಬಾಣ’ ಒಂದೆರಡು ಸಾಲಿನಲ್ಲೇ ಅಧಿಕಾರಸ್ಥರಿಗೆ ಚುಚ್ಚುತ್ತಿತ್ತು. ನಾಗೇಶ ಹೆಗಡೆಯವರು ವಿಜ್ಞಾನ, ಪರಿಸರದ ಸಂಗತಿಗಳನ್ನು ರೈತನಿಗೂ ಪ್ರಯೋಗಾಲಯದವರಿಗೂ ಒಂದೇ ಕನ್ನಡದಲ್ಲಿ ಹೇಳಿದರು. ಅವರ ಹಳೆಯ ಅಂಕಣ ಹುಡುಕಿಕೊಂಡು ಬರುವ ಹೈಸ್ಕೂಲು ಮೇಷ್ಟ್ರುಗಳನ್ನು ಕಂಡರೆ ನನಗೆ ಖುಷಿಯಾಗುತ್ತದೆ.

ಈಗ ನನ್ನ ಕಸುಬಿನ ಮಾತು. ಮೆಚ್ಚಿದ ಅಂಕಣವನ್ನು ಕತ್ತರಿಸಿ ಇಡುವವರು ನಮ್ಮ ಕಡೆ ಬಹಳ. ವಾಚನಾಲಯದ ಪ್ರತಿಯನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಅದರ ಬೆನ್ನಿಗಿರುವ ಇನ್ನೊಬ್ಬರ ಲೇಖನವೂ ತೂತಾಗಿ, ಆ ದಿನದ ಪುಟ ಮುಂದಿನ ಓದುಗನಿಗೆ ಇಲ್ಲದಂತಾಗುತ್ತದೆ. ಮನೆಯ ಪ್ರತಿ ಕತ್ತರಿಸಿದರೆ ಮೊದಲು ಅಂಚಿನಲ್ಲಿ ಪತ್ರಿಕೆಯ ಹೆಸರು, ತಾರೀಖು, ಆವೃತ್ತಿ ಬರೆಯಿರಿ. ಸುದ್ದಿ ಕಾಗದವನ್ನು ಮರ ಅರೆದು ತೆಗೆದ ತಿರುಳಿನಿಂದ ಮಾಡಿರುತ್ತಾರೆ. ಮರದ ನಾರನ್ನು ಬಿಗಿದಿಡುವ ಲಿಗ್ನಿನ್ ಎಂಬ ಅಂಶ ಅದರಲ್ಲೇ ಉಳಿದಿರುವುದರಿಂದ ಬೆಳಕು, ಗಾಳಿ ತಾಗಿದಂತೆ ಹಳದಿಯಾಗಿ ಪುಡಿಯಾಗುತ್ತದೆ. ನಮ್ಮ ಬಿಸಿಲಿಗಂತೂ ಇನ್ನೂ ಬೇಗ. ಸೆಲ್ಲೋಟೇಪ್ ಹಚ್ಚಿದಲ್ಲಿ ಕಂದು ಕಲೆ ಬಿದ್ದು ಅಕ್ಷರವೇ ಕಾಣದಾಗುತ್ತದೆ. ಒಳ್ಳೆಯ ಹಾಳೆಯ ಮೇಲೆ ಜೆರಾಕ್ಸ್ ತೆಗೆಸಿ ಫೈಲಿನಲ್ಲಿಡುವುದು ಎಲ್ಲಕ್ಕಿಂತ ಸುಲಭ.

ತಾರೀಖಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ವಾಟ್ಸಾಪಿನಲ್ಲಿ ಅಂಕಣದ ಒಂದು ಪ್ಯಾರಾ ಹೆಸರಿಲ್ಲದೆ, ಇಲ್ಲವೇ ಬೇರೆ ಯಾರದೋ ಹೆಸರು ಹೊತ್ತು ತಿರುಗುತ್ತದೆ. ಮೊಬೈಲ್ ಹಿಡಿದು ಬಂದು, ‘ಇದನ್ನ ಇವರs ಬರದಾರೇನ್ರಿ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ತಾರೀಖು ಇದ್ದರೆ ಕಟ್ಟು ಬಿಚ್ಚಿ ಐದು ನಿಮಿಷದಲ್ಲಿ ತೋರಿಸಬಹುದು. ಇಲ್ಲದಿದ್ದರೆ ಬರೆದವರ ಶ್ರಮ ಅನಾಥವಾಗುತ್ತದೆ, ಅವರು ಬರೆಯದ ಮಾತಿಗೆ ಬೈಗುಳವೂ ಅವರಿಗೇ ಬೀಳುತ್ತದೆ.

ಮೆಚ್ಚಿದವರು ಕತ್ತರಿಸಿ ಇಟ್ಟುಕೊಂಡು ಸುಮ್ಮನಾಗುತ್ತಾರೆ, ಸಿಟ್ಟಾದವರು ಪತ್ರ ಬರೆಯುತ್ತಾರೆ. ಹೀಗಾಗಿ ಅಂಕಣಕಾರರಿಗೆ ಮುಟ್ಟುವ ದನಿ ಬಹಳ ಸಲ ಒಂದೇ ಕಡೆಯದು. ಅಂಕಣ ಹಿಡಿಸಿದ ದಿನವೇ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಅಂಕಣದ ತಲೆಬರಹ, ತಾರೀಖು ಇರಲಿ. ಯಾವ ಮಾತು ನಿಮ್ಮನ್ನು ಯೋಚನೆಗೆ ಹಚ್ಚಿತು ಎಂಬ ಒಂದೇ ಅಂಶ ಸಾಕು, ಹೊಗಳಿಕೆ ಬೇಡ. ಬರೆಯಲು ಹಿಂಜರಿಯುವವರು ಮಧ್ಯಾಹ್ನ ಮೂರರ ಮೇಲೆ ಬರ್ರಿ, ಆಗ ಗದ್ದಲ ಕಡಿಮೆ. ಹಾಳೆ ನಮ್ಮಲ್ಲೇ ಇದೆ, ಕೂತು ಕರಡು ನೋಡೋಣ.