ಆರ್‌ಸಿ ಬಗ್ಗಿಯ ಶಾಕ್: ಶಾಫ್ಟ್ ಒಳಗೆ ಹೋದಾಗ ಎಣ್ಣೆ ಎಲ್ಲಿಗೆ ಹೋಗಬೇಕು?

ಆರ್‌ಸಿ ಬಗ್ಗಿ ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರು. ಅದರ ಶಾಕ್ (ಶಾಕ್ ಅಬ್ಸಾರ್ಬರ್) ಎಣ್ಣೆ ತುಂಬಿದ ಒಂದು ಕೊಳವೆ. ತೂತಿರುವ ಪಿಸ್ಟನ್ ಹೊತ್ತು ಅದರೊಳಗೆ ಓಡಾಡುವ ಸರಳೇ ಶಾಫ್ಟ್, ಹೊರಗೆ ಸ್ಪ್ರಿಂಗ್. ಸ್ಪ್ರಿಂಗ್ ಕಾರಿನ ಭಾರ ಹೊರುತ್ತೆ, ಎಣ್ಣೆ ಅದರ ಕುಣಿತ ನಿಲ್ಲಿಸುತ್ತೆ. ಮಂಡ್ಯದ ಕಡೆ ಕೊಯ್ಲಾದ ಗದ್ದೆಯಲ್ಲಿ 1:10 ಅಳತೆಯ ಬಗ್ಗಿ ಬಿಟ್ಟರೆ ಇದು ಕಣ್ಣಿಗೇ ಕಾಣುತ್ತೆ. ಭತ್ತದ ಕೂಳೆ ದಾಟುವಾಗ ಎಣ್ಣೆ ಸೋರಿದ ಮೂಲೆ ಚೆಂಡಿನ ಹಾಗೆ ಪುಟಿಯುತ್ತೆ.

ಮೊದಲು ಒಂದು ಲೆಕ್ಕ ಮಾಡಿಕೊಳ್ಳಿ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತೆ. 3 ಮಿ.ಮೀ. ದಪ್ಪದ ಶಾಫ್ಟ್ 25 ಮಿ.ಮೀ. ಒಳಹೋದರೆ ಸುಮಾರು 0.18 ಮಿ.ಲೀ. ಜಾಗ ಹಿಡಿಯುತ್ತೆ. ಎಣ್ಣೆ ಒತ್ತಿದರೆ ಕುಗ್ಗೋದಿಲ್ಲ. ಹಾಗಾಗಿ ಅದಕ್ಕೆ ಸರಿಯೋಕೆ ಜಾಗ ಬೇಕು. ಇಲ್ಲದಿದ್ದರೆ ಶಾಫ್ಟ್ ಅರ್ಧದಲ್ಲೇ ನಿಲ್ಲುತ್ತೆ, ಇಲ್ಲವೇ ಸೀಲಿನಿಂದ ಎಣ್ಣೆ ಜಿನುಗುತ್ತೆ. ಮುಚ್ಚಳದ ಕೆಳಗಿನ ಬ್ಲ್ಯಾಡರ್, ಅಂದರೆ ಬಾಗುವ ರಬ್ಬರ್ ಪೊರೆ, ಇರೋದೇ ಇದಕ್ಕೆ. ಅದರ ಬೆನ್ನಿಗಿರುವ ಗಾಳಿ ಕುಗ್ಗಿ ಜಾಗ ಬಿಡುತ್ತೆ.

ಜೋಡಿಸುವಾಗ ಓ-ರಿಂಗ್‌ಗೆ (ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಉಂಗುರ) ಶಾಕ್ ಎಣ್ಣೆ ಸವರಿ ಕೂರಿಸಿ. ಶಾಫ್ಟಿನ ಥ್ರೆಡ್ಡಿಗೂ ಒಂದು ಹನಿ ಹಚ್ಚಿ ಮೆಲ್ಲಗೆ ತಿರುಗಿಸುತ್ತಾ ತೂರಿಸಿ. ಒಣ ಥ್ರೆಡ್ ರಬ್ಬರನ್ನು ಕೊಯ್ಯುತ್ತೆ. ಶಾಫ್ಟಿನ ತುದಿಯ ಬಾಲ್ ಎಂಡ್ (ಶಾಕನ್ನು ಕಾರಿಗೆ ಸೇರಿಸುವ ತುಂಡು) ಬಿಗಿ ಮಾಡೋಕೆ ಶಾಫ್ಟನ್ನು ಬರೀ ಪಕ್ಕಡದಲ್ಲಿ ಹಿಡಿಯಲೇಬೇಡಿ. ಒಂದು ಗೀರು ಬಿದ್ದರೂ ಸಾಕು, ಎಷ್ಟು ಓ-ರಿಂಗ್ ಬದಲಿಸಿದರೂ ಸೋರಿಕೆ ನಿಲ್ಲೋದಿಲ್ಲ. ನಡುವೆ ದಪ್ಪ ರಬ್ಬರ್ ಪಟ್ಟಿ ಇಡಿ.

ಎಣ್ಣೆ ಸಿಲಿಕೋನಿನದೇ ಆಗಲಿ. ಬೈಕಿನ ಫೋರ್ಕ್ ಎಣ್ಣೆ ಪೆಟ್ರೋಲಿಯಂ ಮೂಲದ್ದಾದರೆ ಸಿಲಿಕೋನ್ ಓ-ರಿಂಗ್ ಊದಿಕೊಂಡು ಶಾಫ್ಟ್ ಬಿಗಿಯುತ್ತೆ. ಬಾಟಲಿಯ ಮೇಲಿನ ‘ಡಬ್ಲ್ಯುಟಿ’ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತೆ, ಎಣ್ಣೆಯ ಮಂದತನ ಹೇಳುವ ‘ಸಿಎಸ್‌ಟಿ’ (ಸೆಂಟಿಸ್ಟೋಕ್) ಅಳತೆ ನೋಡಿ ಕೊಳ್ಳಿ.

ಶಾಫ್ಟ್ ಪೂರ್ತಿ ಕೆಳಗೆಳೆದು, ಅಂಚಿನವರೆಗೆ ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ ಎಣ್ಣೆಯಿಂದ ಮೇಲೆ ಬರಬಾರದು, ಬಂದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತೆ. ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಪಿಸ್ಟನ್ನಿನ ಅಡಿಗೆ ಅಂಟಿಕೊಂಡಿರುತ್ತವೆ. ರಂಧ್ರ ದಾಟಿ ಬರೋಕೆ ಅವಕ್ಕೆ ಹೊತ್ತು ಬೇಕು. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿಡಿ. ಇಲ್ಲಿ ಅವಸರಪಟ್ಟವರೇ ಎರಡನೇ ಸಲ ಬಿಚ್ಚೋದು.

ಆಮೇಲೆ ಬ್ಲ್ಯಾಡರನ್ನು ಓರೆಯಾಗಿ ಇಳಿಸಿ, ಶಾಫ್ಟ್ ಅರ್ಧ ಒಳಗೊತ್ತಿ, ಹೆಚ್ಚಿನ ಎಣ್ಣೆ ಉಕ್ಕಿದ ಮೇಲೆ ಮುಚ್ಚಳ ಬಿಗಿ ಮಾಡಿ. ಈಗ ಪೂರ್ತಿ ಒತ್ತಿ ನೋಡಿ. ಕೊನೆಗೆ ಗಟ್ಟಿಯಾಗಿ ತಡೆದರೆ ಎಣ್ಣೆ ಜಾಸ್ತಿ, ಚುಕ್ ಚುಕ್ ಸದ್ದು ಬಂದರೆ ಒಳಗೆ ಗಾಳಿ. ಎಡ ಬಲ ಎರಡೂ ಒಂದೇ ಸಮ ಹಿಂದೆ ಬರಬೇಕು.

ಕಾರಿಗೆ ಹಾಕುವ ಮುಂಚೆ ಜೋಡಿ ಶಾಕ್‌ಗಳ ಉದ್ದವನ್ನು ವರ್ನಿಯರ್‌ನಲ್ಲಿ ಅಳೆದು 0.1 ಮಿ.ಮೀ. ಒಳಗೆ ಸರಿಹೊಂದಿಸಿ. ಸ್ಪ್ರಿಂಗ್ ಆತುಕೊಳ್ಳುವ ಕಾಲರ್ (ಉಂಗುರ) ತಿರುಗಿಸಿದರೆ ಸ್ಪ್ರಿಂಗ್ ಗಡುಸಾಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಬದಲಾಗೋದು ಕಾರಿನ ಎತ್ತರ ಮಾತ್ರ. ಗಡುಸು ಬೇಕಿದ್ದರೆ ಸ್ಪ್ರಿಂಗನ್ನೇ ಬದಲಿಸಿ, ಇಲ್ಲವೇ ಟವರಿನ (ಶಾಕಿನ ಮೇಲ್ತುದಿ ಸಿಕ್ಕಿಸುವ ತೂತುಗಳ ಪಟ್ಟಿ) ಹೊರಗಿನ ತೂತಿಗೆ ಹಾಕಿ ಶಾಕ್ ನೆಟ್ಟಗೆ ಮಾಡಿ.

ಓಡಿಸಿ ಬಂದ ಮೇಲೆ ಶಾಫ್ಟಿಗೆ ಅಂಟಿದ ಕೆಮ್ಮಣ್ಣನ್ನು ಒಣ ಬಟ್ಟೆಯಿಂದ ಒರೆಸಿಡಿ. ಓ-ರಿಂಗ್ ಸವೆಸೋದು ಆ ಮಣ್ಣೇ.