ರಾಜ ಯಾವ ಕಾಗದಕ್ಕೆ ಸಹಿ ಹಾಕಿದ? ನುಯೆವಾ ಪ್ಲಾಂಟಾ ಬಗ್ಗೆ ಟಿಪ್ಪಣಿ

ತುಮಕೂರಿನಲ್ಲಿ ನಾವು ನಾಲ್ಕೈದು ಜನ ಭಾನುವಾರ ಸೇರಿ ಇತಿಹಾಸ ಓದುತ್ತೇವೆ. ಹೋದ ವಾರ ಯುರೋಪಿನ ಪಾಠ. "ರಾಜರು ಅಧಿಕಾರವನ್ನು ಕೇಂದ್ರೀಕರಿಸಿದರು" ಅನ್ನೋ ಸಾಲು ಎಲ್ಲ ಗೈಡುಗಳಲ್ಲೂ ಇದೆ. ಶಿರಾದ ಗೆಳತಿ ಅಲ್ಲೇ ನಿಲ್ಲಿಸಿದಳು. "ಕೇಂದ್ರೀಕರಿಸಿದರು ಅಂದ್ರೆ ಏನ್ ಮಾಡಿದ್ರು? ಯಾವ ಕಾಗದಕ್ಕೆ ಸಹಿ ಹಾಕಿದ್ರು?"

ಸ್ಪೇನಿನ ಮಟ್ಟಿಗೆ ಆ ಕಾಗದ ನಿಜವಾಗಿಯೂ ಇದೆ: ರಾಜ ಐದನೇ ಫಿಲಿಪ್ 1707ರಿಂದ ಹೊರಡಿಸಿದ 'ನುಯೆವಾ ಪ್ಲಾಂಟಾ' ಆಜ್ಞೆಗಳು. ಅದಕ್ಕೇ ಈ ಟಿಪ್ಪಣಿ. ಓದುವಾಗ ಒಂದು ವಿಷಯದ ಮೇಲೆ ಕಣ್ಣಿಡಿ: ರಾಜ ಏನನ್ನು ಕಿತ್ತುಕೊಂಡ, ಏನನ್ನು ಹಾಗೇ ಬಿಟ್ಟ. ಅವನಿಗೆ ಏನು ಬೇಕಿತ್ತು ಅನ್ನೋದು ಅಲ್ಲೇ ಸಿಗುತ್ತದೆ.

ಮೊದಲು ತಲೆಯಲ್ಲಿರುವ ನಕ್ಷೆ ಬದಲಾಗಬೇಕು. 1700ರಲ್ಲಿ ಸ್ಪೇನ್ ಈಗಿನ ಹಾಗೆ ಒಂದೇ ದೇಶ ಆಗಿರಲಿಲ್ಲ. ಒಬ್ಬನೇ ರಾಜ, ಆದರೆ ರಾಜ್ಯಗಳು ಹಲವು. ಒಂದು ಕಡೆ ಕ್ಯಾಸ್ಟೈಲ್. ಇನ್ನೊಂದು ಕಡೆ ಅರಗಾನ್, ವೆಲೆನ್ಸಿಯಾ, ಕ್ಯಾಟಲೋನಿಯಾ, ಮಯೋರ್ಕಾ. ಪ್ರತಿಯೊಂದಕ್ಕೂ ಅದರದ್ದೇ ಕಾನೂನು, ಅದರದ್ದೇ ಕೋರ್ಟು. ಈ ಕಾನೂನು, ಹಕ್ಕು, ವಿನಾಯಿತಿ ಎಲ್ಲ ಸೇರಿದ ಕಂತೆಗೆ 'ಫುಯೆರೋ' ಅಂತ ಹೆಸರು. ಕ್ಯಾಟಲೋನಿಯಾದಲ್ಲಿ 'ಕೋರ್ತ್ಸ್' ಅನ್ನುವ ಸಭೆ ಇತ್ತು. ಅದು ಒಪ್ಪದೆ ರಾಜ ಅಲ್ಲಿ ಹೊಸ ಕಾನೂನು ಮಾಡುವ ಹಾಗಿರಲಿಲ್ಲ, ಹೊಸ ತೆರಿಗೆ ಹಾಕುವ ಹಾಗೂ ಇರಲಿಲ್ಲ. ಹೊಸ ರಾಜ ಬಂದರೆ ಮೊದಲು ಅವನೇ "ನಿಮ್ಮ ಕಾನೂನು ಕಾಪಾಡುತ್ತೇನೆ" ಅಂತ ಪ್ರಮಾಣ ಮಾಡಬೇಕಿತ್ತು.

ಆ ವರ್ಷವೇ ರಾಜ ಎರಡನೇ ಚಾರ್ಲ್ಸ್ ಮಕ್ಕಳಿಲ್ಲದೆ ಸತ್ತ. ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಮೊಮ್ಮಗ ಐದನೇ ಫಿಲಿಪ್ ಆಗಿ ಪಟ್ಟಕ್ಕೆ ಬಂದ. ಅವನು ಬಾರ್ಸಿಲೋನಾಗೆ ಹೋಗಿ, 1701-02ರಲ್ಲಿ ಕೋರ್ತ್ಸ್ ಕರೆದು, ಪ್ರಮಾಣವನ್ನೂ ಮಾಡಿದ. ಇದನ್ನು ಮರೆಯಬೇಡಿ. ಮುಂದೆ ಅದೇ ಕಾನೂನನ್ನು ರದ್ದು ಮಾಡಿದವನೂ ಅವನೇ.

ಪಟ್ಟ ತನ್ನದು ಅಂತ ಆಸ್ಟ್ರಿಯಾದ ರಾಜಕುಮಾರ ಚಾರ್ಲ್ಸ್ ಕೂಡ ಹಕ್ಕು ಹೂಡಿದ. ಇಂಗ್ಲೆಂಡ್, ಹಾಲೆಂಡ್ ಅವನ ಕಡೆ ನಿಂತವು. 1705ರಿಂದ ವೆಲೆನ್ಸಿಯಾ, ಕ್ಯಾಟಲೋನಿಯಾ, ಆಮೇಲೆ ಅರಗಾನ್ ಕೂಡ ಆ ಕಡೆ ವಾಲಿದವು. ಯುದ್ಧದ ವಿವರ ಇಲ್ಲಿ ಬೇಡ. ಒಂದು ದಿನಾಂಕ ಸಾಕು: 1707ರ ಏಪ್ರಿಲ್ 25, ಅಲ್ಮಾನ್ಸಾ ಕದನ. ಫಿಲಿಪ್ ಗೆದ್ದ. ಎರಡು ತಿಂಗಳ ಮೇಲೆ, ಜೂನ್ 29ಕ್ಕೆ, ಗೆಳತಿ ಕೇಳಿದ ಕಾಗದ ಹೊರಬಿತ್ತು. ಇಂಥ ಆಜ್ಞೆಗಳು ಸಾಲಾಗಿ ಬಂದವು. ಅವಕ್ಕೆ ಒಟ್ಟಾರೆ 'ನುಯೆವಾ ಪ್ಲಾಂಟಾ' ಅನ್ನುತ್ತಾರೆ, ಅಂದರೆ ಹೊಸ ವ್ಯವಸ್ಥೆ.

ಈ ಮೊದಲ ಆಜ್ಞೆಯನ್ನು ನಿಧಾನವಾಗಿ ಓದಬೇಕು. ಅರಗಾನ್ ಮತ್ತು ವೆಲೆನ್ಸಿಯಾದ ಫುಯೆರೋಗಳು ಪೂರ್ತಿ ರದ್ದು ಅಂತ ಅದು ಹೇಳುತ್ತದೆ. ಕಾರಣವನ್ನೂ ಕೊಡುತ್ತದೆ. ಜನ ದಂಗೆ ಎದ್ದು, ನಿಷ್ಠೆಯಿಂದ ಇರುತ್ತೇವೆ ಅಂತ ಮಾಡಿದ ಪ್ರಮಾಣ ಮುರಿದರು, ಆದ್ದರಿಂದ ಹಕ್ಕು ಕಳೆದುಕೊಂಡರು. ಅದೂ ಅಲ್ಲದೆ, ರಾಜನ ಮಾತಿನಲ್ಲೇ ಹೇಳುವುದಾದರೆ, ಈ ರಾಜ್ಯಗಳ ಮೇಲೆ ನನಗೆ ಪೂರ್ಣ ಒಡೆತನ ಇದೆ. ಅದರ ಜೊತೆಗೆ ಈಗ ಕತ್ತಿಯಿಂದ ಗೆದ್ದ ಹಕ್ಕೂ ಸೇರಿದೆ. ಕಾನೂನು ಮಾಡುವುದು, ಅಳಿಸುವುದು ರಾಜನ ಅಧಿಕಾರದ ಮುಖ್ಯ ಗುರುತು. ಹಾಗಾಗಿ ನನ್ನ ಎಲ್ಲ ರಾಜ್ಯಗಳಿಗೂ ಇನ್ನು ಕ್ಯಾಸ್ಟೈಲ್‌ನದೇ ಕಾನೂನು.

ಪ್ರಮಾಣ ಎರಡೂ ಕಡೆಯವರದ್ದು ಅಲ್ವಾ? ಆಜ್ಞೆ ಎಣಿಸಿದ್ದು ಜನರ ಪ್ರಮಾಣವನ್ನು ಮಾತ್ರ. ಇನ್ನೊಂದು ಅನ್ಯಾಯವೂ ಆಯಿತು. ಅರಗಾನ್‌ನಲ್ಲಿ ಫಿಲಿಪ್ ಪರವಾಗಿ ನಿಂತ ಊರುಗಳು ಎಷ್ಟೋ ಇದ್ದವು. ಅವಕ್ಕೂ ಅದೇ ಶಿಕ್ಷೆ. ಒಂದೇ ತಿಂಗಳಲ್ಲಿ, ಜುಲೈ 29ಕ್ಕೆ, ಇನ್ನೊಂದು ಆಜ್ಞೆ ಹೊರಡಿಸಿ, ನಿಷ್ಠರಾಗಿದ್ದವರ ಸವಲತ್ತು ಉಳಿಯುತ್ತದೆ ಅಂತ ಸಮಾಧಾನ ಹೇಳಿದ. ಆದರೆ ಹಳೆಯ ಆಡಳಿತ ಮಾತ್ರ ಯಾರಿಗೂ ವಾಪಸ್ ಬರಲಿಲ್ಲ.

ವೆಲೆನ್ಸಿಯಾದ ಶಾತಿವಾ ಪಟ್ಟಣದ ಕಥೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. 1707ರಲ್ಲಿ ಫಿಲಿಪ್‌ನ ಸೈನ್ಯ ಆ ಊರನ್ನೇ ಸುಟ್ಟಿತು. ಆಮೇಲೆ ಊರಿನ ಹೆಸರನ್ನೂ ತೆಗೆದು ಸಾನ್ ಫೆಲಿಪೆ ಅಂತ ಇಟ್ಟರು. ಅಲ್ಲಿನ ಮ್ಯೂಸಿಯಂನಲ್ಲಿ ಫಿಲಿಪ್‌ನ ಚಿತ್ರವನ್ನು ಇವತ್ತಿಗೂ ತಲೆಕೆಳಗಾಗಿ ನೇತು ಹಾಕಿದ್ದಾರೆ.

ಬಾರ್ಸಿಲೋನಾ ಒಂದು ವರ್ಷಕ್ಕೂ ಜಾಸ್ತಿ ಕಾಲ ಮುತ್ತಿಗೆ ತಡೆದುಕೊಂಡು, 1714ರ ಸೆಪ್ಟೆಂಬರ್ 11ಕ್ಕೆ ಬಿತ್ತು. ಕ್ಯಾಟಲೋನಿಯಾದ ಆಜ್ಞೆ ಹೊರಬಂದದ್ದು 1716ರ ಜನವರಿ 16ಕ್ಕೆ. ಇಲ್ಲಿ ಏನೇನು ಹೋಯಿತು ನೋಡಿ. ಕೋರ್ತ್ಸ್ ಹೋಯಿತು. ಸಭೆ ಇಲ್ಲದ ಕಾಲದಲ್ಲಿ ತೆರಿಗೆ, ಹಕ್ಕು ನೋಡಿಕೊಳ್ಳುತ್ತಿದ್ದ ಜನರಲಿತಾತ್ ಹೋಯಿತು. ಬಾರ್ಸಿಲೋನಾ ನಗರವನ್ನು ನಡೆಸುತ್ತಿದ್ದ ನೂರು ಜನರ ಸಭೆ ಹೋಯಿತು. ಅದರ ಜಾಗಕ್ಕೆ ರಾಜ ನೇಮಿಸಿದ 24 ಜನ ಬಂದರು. ಮೇಲೆ ಸೇನಾಪತಿ ಮತ್ತು 'ಆಡಿಯೆನ್ಸಿಯಾ' ಅನ್ನುವ ರಾಜನ ಕೋರ್ಟು. ಕೆಳಗೆ ನಾಡನ್ನು 12 ಜಿಲ್ಲೆ ಮಾಡಿ ಒಂದೊಂದಕ್ಕೂ ಒಬ್ಬ ಕೊರೆಹಿದೋರ್. ನಮ್ಮ ಕಡೆಯ ಅಮಲ್ದಾರರನ್ನು ನೆನೆದುಕೊಂಡರೆ ಅರ್ಥ ಆಗುತ್ತದೆ, ಆದರೆ ಈ ಹುದ್ದೆಗೆ ಬಂದವರಲ್ಲಿ ಸೈನ್ಯದವರೇ ಜಾಸ್ತಿ.

ಉಳಿದದ್ದು ಏನು? ಆಸ್ತಿ ಪಾಲು, ಮದುವೆ, ವರದಕ್ಷಿಣೆ, ಒಪ್ಪಂದ ಇವುಗಳ ಕ್ಯಾಟಲನ್ ಕಾನೂನು ಉಳಿಯಿತು. ಅರಗಾನ್‌ಗೂ 1711ರಲ್ಲಿ ಈ ಭಾಗ ವಾಪಸ್ ಸಿಕ್ಕಿತು. ವೆಲೆನ್ಸಿಯಾಗೆ ಸಿಗಲೇ ಇಲ್ಲ. ಅಪ್ಪನ ಹೊಲ ಯಾವ ಮಗನಿಗೆ ಹೋದರೂ ರಾಜನಿಗೆ ನಷ್ಟ ಇಲ್ಲ. ಆದರೆ ತೆರಿಗೆ ಬೇಡ ಅನ್ನುವ ಸಭೆ ಇದ್ದರೆ ನಷ್ಟ. ಅವನು ಕೈ ಹಾಕಿದ್ದು ಎಲ್ಲಿ, ಹಾಕದೆ ಬಿಟ್ಟದ್ದು ಎಲ್ಲಿ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತದೆ.

ಸಭೆ ಹೋದ ಕೂಡಲೇ ತೆರಿಗೆ ಬಂತು. ಅದರ ಹೆಸರು ಕತಾಸ್ತ್ರೋ. ಜಮೀನು ಎಷ್ಟು, ಎಂಥದ್ದು ಅಂತ ನೋಡಿ ಕಂದಾಯ ನಿಗದಿ ಮಾಡುವುದು. ತರಿ, ಖುಷ್ಕಿ, ಬಾಗಾಯ್ತು ಅಂತ ನಾವು ಹೇಳುತ್ತೇವಲ್ಲ, ಆ ರೀತಿ. ಜನರ ದುಡಿಮೆ ಮೇಲೂ ಒಂದು ಭಾಗ ಬಿತ್ತು.

ಈ ಪದಗಳನ್ನು ಹೇಳುತ್ತಿದ್ದ ಹಾಗೆ ಗೆಳತಿ ತನ್ನ ಮನೆಯ ಪಹಣಿ ತೆಗೆದು ಮೇಜಿನ ಮೇಲೆ ಇಟ್ಟಳು. ಕನ್ನಡದ ಕಾಗದ. ಆದರೆ ತರಿ, ಖುಷ್ಕಿ, ಬಾಗಾಯ್ತು ಮೂರೂ ಪಾರ್ಸಿ ಕಡೆಯಿಂದ ಬಂದ ಮಾತು. ತಹಶೀಲ್ದಾರ್, ಜಮಾಬಂದಿ ಕೂಡ. ಅವಳ ಶಿರಾ ಮೊಗಲರ ಒಂದು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಆಗಿದ್ದ ಊರು. ಕಚೇರಿ ಯಾವ ಭಾಷೆಯಲ್ಲಿ ನಡೆಯಿತೋ ಆ ಭಾಷೆ ಹೊಲದ ತನಕ ಇಳಿಯುತ್ತದೆ. ಫಿಲಿಪ್‌ನ ಆಜ್ಞೆಯೂ ಆಡಿಯೆನ್ಸಿಯಾದ ವ್ಯಾಜ್ಯಗಳು ಕ್ಯಾಸ್ಟಿಲಿಯನ್ ಭಾಷೆಯಲ್ಲೇ ನಡೆಯಬೇಕು ಅಂದಿತು. ಕೊರೆಹಿದೋರ್‌ಗಳಿಗೆ ಗುಟ್ಟಾಗಿ ಒಂದು ಸೂಚನೆಯೂ ಹೋಯಿತು. ಭಾಷೆಯನ್ನು ಮೆಲ್ಲಗೆ ತನ್ನಿ, ಕೆಲಸ ಆಗಬೇಕು, ಅದಕ್ಕಾಗಿ ಪಡುವ ಪ್ರಯತ್ನ ಯಾರ ಕಣ್ಣಿಗೂ ಬೀಳಬಾರದು ಅಂತ.

ಪರೀಕ್ಷೆಗೆ ಬರೆಯುವವರಿಗೆ ಒಂದು ಎಚ್ಚರಿಕೆ. ಚಿಕ್ಕಬಳ್ಳಾಪುರದ ಪಾಳೇಗಾರರನ್ನು 1760ರ ದಶಕದಲ್ಲಿ ಹೈದರಾಲಿ ಸೋಲಿಸಿದ್ದೂ ಇದೂ ಒಂದೇ ಅಂತ ಸುಮ್ನೆ ಬರೆದುಬಿಡಬೇಡಿ. ಕೋಟೆ ಹಿಡಿದದ್ದು, ತನ್ನ ನೌಕರರನ್ನು ಕೂರಿಸಿದ್ದು ಎರಡೂ ಕಡೆ ಇದೆ. ಆದರೆ ಪಾಳೇಗಾರ ವಂಶದಿಂದ ಬಂದ ಒಡೆಯ. ಅವನ ಜೊತೆ ಹೋದದ್ದು ಒಂದು ಮನೆತನದ ಅಧಿಕಾರ. ಬಾರ್ಸಿಲೋನಾದಲ್ಲಿ ಹೋದದ್ದು ಬರೆದಿಟ್ಟ ಕಾನೂನು, ರಾಜನಿಗೆ ಇಲ್ಲ ಅನ್ನಬಲ್ಲ ಸಭೆ. ಆ ಸಭೆಯಲ್ಲೂ ಕೂತಿದ್ದವರು ಪಾದ್ರಿಗಳು, ಶ್ರೀಮಂತರು, ಪಟ್ಟಣದ ದೊಡ್ಡವರು. ಅದನ್ನು ಇವತ್ತಿನ ವಿಧಾನಸಭೆ ಅಂದುಕೊಳ್ಳುವುದೂ ತಪ್ಪು.

ಕೊನೆಗೆ ಗೆಳತಿ ಇನ್ನೊಂದು ಕೇಳಿದಳು. "ಎಲ್ಲರಿಗೂ ಒಂದೇ ಕಾನೂನು ಅಂದನಲ್ಲ, ನವಾರಾಕ್ಕೆ ಬಾಸ್ಕರಿಗೆ ಯಾಕೆ ಬಿಟ್ಟ?" ಸ್ಪೇನಿನ ಉತ್ತರದಲ್ಲಿರುವ ಈ ನವಾರಾದವರು, ಬಾಸ್ಕರು ಯುದ್ಧದಲ್ಲಿ ಫಿಲಿಪ್ ಪರ ಇದ್ದರು, ಫುಯೆರೋ ಉಳಿಯಿತು. ಆದರೆ ಅವನು ಅಲ್ಲೂ ಕೈ ಹಾಕದೆ ಇರಲಿಲ್ಲ. ಬಾಸ್ಕರ ಸುಂಕದ ಕಟ್ಟೆಗಳು ಒಳನಾಡಿನಲ್ಲಿದ್ದವು. ಸಮುದ್ರದಿಂದ ಬರುವ ಸರಕು ಅವರಿಗೆ ಸುಂಕವಿಲ್ಲದೆ ಸಿಗುತ್ತಿತ್ತು. ಆ ಕಟ್ಟೆಗಳನ್ನು ಅವನು ಕರಾವಳಿಗೆ ಸಾಗಿಸಿದ. 1718ರಲ್ಲಿ ಬಾಸ್ಕರ ನಾಡಿನ ಬಿಸ್ಕಾಯಾದ ರೈತರು ತಿರುಗಿ ಬಿದ್ದರು. ದಂಗೆಯನ್ನು ಸೈನ್ಯ ಬಂದು ಅಡಗಿಸಿತು. ಆದರೂ ಕೆಲವೇ ವರ್ಷಗಳಲ್ಲಿ ಕಟ್ಟೆಗಳು ಒಳನಾಡಿಗೆ ವಾಪಸ್ ಹೋದವು. 1841ರ ತನಕ ಅಲ್ಲೇ ಇದ್ದವು.