ಖಾಲಿ ಪುಟದ ರಿಜಿಸ್ಟರ್

ಶಿರಸಿಯ ಕಾಲೇಜೊಂದರಲ್ಲಿ ಮೊನ್ನೆ ಎಐ ಸುರಕ್ಷತೆ ಬಗ್ಗೆ ಮಾತಾಡುತ್ತಿದ್ದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ದೊಡ್ಡ ಅನಾಹುತ ಏನೂ ಆಗಿಲ್ಲ ಅಲ್ವಾ? ಈಗಲೇ ಕಾನೂನು ಯಾಕೆ?"

ನನ್ನ ಕೆಲಸ ಕಾರ್ಖಾನೆಗಳ ಸುರಕ್ಷತೆ ನೋಡುವುದು. ಈ ಪ್ರಶ್ನೆ ನನಗೆ ಹಳೆಯದು. ಒಮ್ಮೆ ಕರಾವಳಿಯ ಒಂದು ಕಾರ್ಖಾನೆಯಲ್ಲಿ ನಿಯರ್ ಮಿಸ್ ರಿಜಿಸ್ಟರ್ ಕೇಳಿದೆ. ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಬರೆದಿಡುವ ಪುಸ್ತಕ ಅದು. ಮೂರು ತಿಂಗಳಿಂದ ಪುಟ ಖಾಲಿ. ಮ್ಯಾನೇಜರಿಗೆ ಅದೇ ಹೆಮ್ಮೆ! ಹೊರಗೆ ಹೋಗಿ ಕ್ರೇನಿನ ಸ್ಲಿಂಗ್, ಅಂದರೆ ಭಾರ ಎತ್ತಲು ಕಟ್ಟುವ ತಂತಿಹಗ್ಗದ ಮೇಲೆ ಕೈಯಾಡಿಸಿದೆ. ತಂತಿ ಎಳೆ ಬಿಟ್ಟುಕೊಂಡು ಗ್ಲೌಸಿಗೆ ಚುಚ್ಚಿತು. "ಎರಡು ಸಲ ಜಾರಿದೆ ಸರ್. ಹೇಳಿದರೆ ನಮ್ಮ ಮೇಲೇ ಬರ್ತದೆ" ಅಂದ ಆಪರೇಟರ್.

ಎಐ ನೀತಿಯಲ್ಲಿ ನಾನು ಮೊದಲು ಹುಡುಕುವುದು ಈ ಆಪರೇಟರನ್ನೇ. ಕ್ಯಾಲಿಫೋರ್ನಿಯಾ 2025ರಲ್ಲಿ ಮಾಡಿದ ಕಾನೂನಿನಲ್ಲಿ ಅವನಿಗೆ ಜಾಗ ಇದೆ. ಗಂಭೀರ ಘಟನೆ ಆದರೆ ದೊಡ್ಡ ಎಐ ಕಂಪನಿಗಳು 15 ದಿನದೊಳಗೆ ಸರ್ಕಾರಕ್ಕೆ ತಿಳಿಸಬೇಕು. ಜೀವಕ್ಕೇ ಅಪಾಯ ಎದುರಿಗಿದ್ದರೆ 24 ಗಂಟೆ. ಅಪಾಯದ ಬಗ್ಗೆ ಬಾಯಿಬಿಟ್ಟ ನೌಕರನಿಗೆ ರಕ್ಷಣೆಯೂ ಉಂಟು. ಯುರೋಪಿನ ಕಾನೂನು ಎಐ ಮಾದರಿಯ (ಮಾಡೆಲ್) ಗಾತ್ರವನ್ನೂ ನೋಡುತ್ತದೆ. ಅದರ ತರಬೇತಿಗೆ ಕಂಪ್ಯೂಟರ್‌ಗಳು ಮಾಡಿದ ಲೆಕ್ಕಗಳ ಸಂಖ್ಯೆ 10ರ 25ನೇ ಘಾತ ದಾಟಿದರೆ ಪರೀಕ್ಷೆ, ವರದಿ ಎಲ್ಲ ಕಡ್ಡಾಯ.

ಮೆಟ್ಟಿಲು ಮೆಟ್ಟಿಲಾಗಿ ಅನುಮತಿ ಕೊಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಅಣುಸ್ಥಾವರಕ್ಕೆ ಜಾಗ, ಕಟ್ಟಡ, ಚಾಲನೆ, ಪ್ರತಿಯೊಂದಕ್ಕೂ ಬೇರೆ ಬೇರೆ ಒಪ್ಪಿಗೆ ಬೇಕು. 1994ರ ಮೇ ತಿಂಗಳಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕೆಳಪದರದ ಕಾಂಕ್ರೀಟ್ ಕಳಚಿ ಬಿತ್ತು. ಒಳಗೆ ಇಂಧನ ಇರಲಿಲ್ಲ. ವಿನ್ಯಾಸ ಬದಲಿಸಿ ಮತ್ತೆ ಕಟ್ಟಿದರು, ಆ ಘಟಕ ಚಾಲೂ ಆಗಿದ್ದು 2000ದಲ್ಲಿ. ತಡ ಆಯಿತು ಅಂತ ಬೈದವರು ಇದ್ದರು. ನನಗೆ ಅದು ಸೋವಿ ಅನ್ನಿಸುತ್ತದೆ.

ಆದರೆ ಪರೀಕ್ಷೆ ಮಾಡುವವರು ಯಾರ ಕೈಕೆಳಗಿದ್ದಾರೆ? ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯ ಇಲ್ಲ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2012ರಲ್ಲೇ ಬರೆದಿತ್ತು. ಎಐನಲ್ಲಿ ಸ್ಥಿತಿ ಇನ್ನೂ ಸಡಿಲ. ಜಾಸ್ತಿ ಪರೀಕ್ಷೆಗಳನ್ನು ಮಾದರಿ ಕಟ್ಟಿದ ಕಂಪನಿಯೇ ಮಾಡಿಕೊಳ್ಳುತ್ತದೆ. ಸ್ಲಿಂಗ್ ಮಾರಿದವನೇ ಸರ್ಟಿಫಿಕೇಟ್ ಬರೆದ ಹಾಗೆ.

ಭಾರತ 2025ರ ನವೆಂಬರಿನಲ್ಲಿ ಮಾರ್ಗಸೂಚಿ ತಂದಿತು. ಸದ್ಯ ಪ್ರತ್ಯೇಕ ಕಾನೂನು ಬೇಡ, ಎಐ ಘಟನೆಗಳ ದಾಖಲೆ ಇಡೋಣ ಅನ್ನುತ್ತದೆ ಅದು. ದಾಖಲೆಯ ಮಾತು ಓದಿ ಖುಷಿಯಾಯಿತು. ಹುಡುಗಿಗೂ ಹೇಳಿದೆ. ಅವಳು ಕೂರಲಿಲ್ಲ. "ಅದರಲ್ಲಿ ಬರೆಯೋರು ಯಾರು ಸರ್?"